ಹ್ಯಾಬಿಲಿಸ್, ಎರೆಕ್ಟಸ್: ಮೊದಲು ಯಾರ ಬಗ್ಗೆ ಓದಬೇಕು?

ಮಾನವ ವಿಕಾಸ ಓದಲು ಹೊರಟವರಿಗೆ ಮೊದಲ ಗೊಂದಲ ಇದೇ ಅಲ್ವಾ? ಇವೆರಡೂ ಅಳಿದುಹೋದ ಆದಿಮಾನವ ಪ್ರಭೇದಗಳು. ನಾನಂತೂ ಹೋಮೋ ಎರೆಕ್ಟಸ್‌ನಿಂದ ಶುರು ಮಾಡಿ ಅನ್ನುತ್ತೇನೆ.

ಹೋಮೋ ಹ್ಯಾಬಿಲಿಸ್ ಹೆಚ್ಚು ಹಳೆಯದು, ನಿಜ. ಟಾಂಜಾನಿಯಾದ ಓಲ್ಡುವೈ ಕಣಿವೆಯಲ್ಲಿ ಸಿಕ್ಕಿ 1964ರಲ್ಲಿ ಹೆಸರು ಪಡೆಯಿತು. ಆದರೆ ಸಿಕ್ಕಿರುವುದು ಜಾಸ್ತಿ ಚೂರುಪಾರು ಮೂಳೆಗಳೇ, ಅದನ್ನು ನಮ್ಮ ಹೋಮೋ ಕುಲದಲ್ಲಿ ಇಡಬೇಕೋ ಇನ್ನೂ ಹಳೆಯ, ವಾನರರಂಥ ಆಸ್ಟ್ರಲೋಪಿಥೆಕಸ್ ಕುಲದ ಕಡೆಗೆ ಕಳಿಸಬೇಕೋ ಅನ್ನುವ ವಾದ ಇನ್ನೂ ಮುಗಿದಿಲ್ಲ.

ಎರೆಕ್ಟಸ್ ಹಾಗಲ್ಲ. 1984ರಲ್ಲಿ ಕೀನ್ಯಾದ ಟರ್ಕಾನಾ ಸರೋವರದ ಹತ್ತಿರ ಪಳೆಯುಳಿಕೆ ಹುಡುಕುವುದರಲ್ಲಿ ಪಳಗಿದ ಕಮೋಯಾ ಕಿಮೆಯು ಅವರ ಕಣ್ಣಿಗೆ ಬಿದ್ದ ಒಂದು ಚಿಕ್ಕ ಮೂಳೆ ಚೂರಿನ ಬೆನ್ನು ಹತ್ತಿ, ಸುಮಾರು 15 ಲಕ್ಷ ವರ್ಷ ಹಿಂದಿನ ಹುಡುಗನೊಬ್ಬನ ಹೆಚ್ಚುಕಡಿಮೆ ಪೂರ್ತಿ ಅಸ್ಥಿಪಂಜರವೇ ಹೊರಬಂತು. ಉದ್ದ ಕಾಲು, ನಮ್ಮಂಥದೇ ಮೈಕಟ್ಟು! ಆಫ್ರಿಕಾದಿಂದ ಜಾವಾವರೆಗೂ ಹರಡಿದವರು ಇವರು.

ಓಲ್ಡುವೈಯ ಹಳೆಯ ಕಲ್ಲಿನ ಉಪಕರಣಗಳೇ ನಿಮ್ಮ ಆಸಕ್ತಿಯಾದರೆ ಮಾತ್ರ ಹ್ಯಾಬಿಲಿಸ್ ಹಿಡಿಯಿರಿ.