ಗಪ್ಪಿ ಮರಿಗಳ ಬಲೆಪೆಟ್ಟಿಗೆ: ಎರಡೂವರೆ ವರ್ಷ ಬಳಸಿದ ಮೇಲೆ

ಕೊಂಡ ವಾರದಲ್ಲೇ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಟ್ಟುಬಿಡುತ್ತಿದ್ದೆ. ಎರಡು ತಿಂಗಳ ನಂತರ ಬರೆದಿದ್ದರೆ ಒಂದೇ ಒಂದು. ಈಗ ಎರಡೂವರೆ ವರ್ಷವಾಗಿದೆ, ಮೂರೂವರೆಗೆ ಬಂದು ನಿಂತಿದ್ದೇನೆ. ಪೆಟ್ಟಿಗೆ ಅದೇ. ಅದಕ್ಕೆ ಯಾವ ಕೆಲಸ ಹೇಳಬೇಕು, ಯಾವುದನ್ನು ಹೇಳಬಾರದು ಎಂಬುದು ನನಗೆ ತಿಳಿಯಲು ಇಷ್ಟು ಕಾಲ ಹಿಡಿಯಿತು.

ಅಕ್ವೇರಿಯಂ ತೊಟ್ಟಿಯಲ್ಲಿ ಹುಟ್ಟಿದ ಗಪ್ಪಿ ಮೀನಿನ ಮರಿಗಳನ್ನು ದೊಡ್ಡ ಮೀನುಗಳ ಬಾಯಿಯಿಂದ ಕಾಪಾಡಲು ಇರುವ ಪೆಟ್ಟಿಗೆ ಇದು. ವಸ್ತು ಸರಳವಾಗಿದೆ. ಪ್ಲಾಸ್ಟಿಕ್ ಕಡ್ಡಿಗಳನ್ನು ಮೂಲೆಗಳಲ್ಲಿ ಸಿಕ್ಕಿಸಿ ಮಾಡಿದ ಚೌಕಟ್ಟು, ಅದಕ್ಕೆ ತೊಡಿಸಿದ ಬಿಳಿ ನೈಲಾನ್ ಬಲೆಯ ಚೀಲ, ತೊಟ್ಟಿಯ ಅಂಚಿಗೆ ನೇತುಹಾಕಲು ಎರಡು ಕೊಕ್ಕೆ, ಗಾಜಿಗೆ ಅಂಟಿಸಲು ಎರಡು ಸಕ್ಷನ್ ಕಪ್. ಉದ್ದ ಸುಮಾರು ಒಂದು ಗೇಣು. ನನ್ನ 60 ಲೀಟರಿನ ತೊಟ್ಟಿಯ ಒಂದು ಮೂಲೆಯಲ್ಲಿ ಹೆಚ್ಚು ಜಾಗ ತಿನ್ನದೆ ಕೂರುತ್ತದೆ. ಇಂಥವನ್ನು ಹತ್ತಾರು ಕಂಪನಿಗಳು ಮಾಡುತ್ತವೆ, ಒಂದನ್ನು ಇನ್ನೊಂದರಿಂದ ಗುರುತಿಸಲು ರಟ್ಟಿನ ಡಬ್ಬಿಯ ಮೇಲಿನ ಚಿತ್ರವನ್ನೇ ನೋಡಬೇಕು. ಆ ಚಿತ್ರದಲ್ಲಿ ತುಂಬಿದ ಹೊಟ್ಟೆಯ ತಾಯಿ ಗಪ್ಪಿ ಪೆಟ್ಟಿಗೆಯೊಳಗೆ ನೆಮ್ಮದಿಯಾಗಿ ತೇಲುತ್ತಿರುತ್ತದೆ, ಸುತ್ತ ಮರಿಗಳು. ನನ್ನನ್ನು ದಾರಿ ತಪ್ಪಿಸಿದ್ದು ಆ ಚಿತ್ರವೇ.

ಗಪ್ಪಿ ಮೊಟ್ಟೆ ಇಡುವ ಮೀನಲ್ಲ. ಮೊಟ್ಟೆಗಳು ತಾಯಿಯ ಹೊಟ್ಟೆಯೊಳಗೇ ಬೆಳೆದು, ಮೂರರಿಂದ ನಾಲ್ಕು ವಾರಕ್ಕೊಮ್ಮೆ ಈಜಬಲ್ಲ ಮರಿಗಳೇ ಹೊರಗೆ ಬರುತ್ತವೆ. ಎಳೆಯ ಹೆಣ್ಣಾದರೆ ಹತ್ತೋ ಹದಿನೈದೋ, ಬಲಿತ ಹೆಣ್ಣಾದರೆ ಐವತ್ತಕ್ಕೂ ಮೇಲೆ. ಒಂದೊಂದೂ 6–7 ಮಿಲಿಮೀಟರ್, ಎರಡು ಕಣ್ಣು ಮತ್ತೊಂದು ಬಾಲ ಅಂದರೆ ಸರಿ. ಹುಟ್ಟಿದ ಕ್ಷಣದಿಂದ ಅವು ತಮ್ಮ ಪಾಡಿಗೆ ತಾವು. ಕಾಯುವುದು, ಉಣಿಸುವುದು ಯಾವುದೂ ಗಪ್ಪಿಯಲ್ಲಿ ಇಲ್ಲ. ಬಾಯಿಗೆ ಹಿಡಿಸುವಷ್ಟು ಸಣ್ಣದಾಗಿ ಎದುರಿಗೆ ಮಿಸುಕಾಡಿದ್ದೆಲ್ಲ ದೊಡ್ಡ ಮೀನಿಗೆ ಆಹಾರವೇ, ಅದು ಐದು ನಿಮಿಷದ ಹಿಂದೆ ತನ್ನದೇ ಹೊಟ್ಟೆಯಿಂದ ಬಂದದ್ದಾದರೂ. ನನ್ನ ತೊಟ್ಟಿಯಲ್ಲಿ ಮೊದಲ ಸಲ ಮರಿ ಹಾಕಿದಾಗ ಬೆಳಿಗ್ಗೆ ಎಂಟು ಎಣಿಸಿದ್ದೆ, ಸಂಜೆಗೆ ಒಂದು. ಮರುದಿನವೇ ಪೆಟ್ಟಿಗೆ ಕೊಂಡೆ.

ಮುಂದಿನ ಹೆರಿಗೆಗೆ ಚಿತ್ರದಲ್ಲಿ ಇದ್ದಂತೆಯೇ ಮಾಡಿದೆ. ಹೆಣ್ಣಿನ ಬಾಲದ ಕಡೆಯ ಹೊಟ್ಟೆಯ ಮೇಲಿನ ಕಪ್ಪು ಕಲೆ ದಟ್ಟವಾಗಿದೆ ಎನಿಸಿದ ದಿನವೇ ಅದನ್ನು ಹಿಡಿದು ಒಳಗೆ ಬಿಟ್ಟೆ. ಆ ಕಲೆ ಬಹಳ ದಿನ ಮೊದಲೇ ದಟ್ಟವಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ. ಒಂದು ದಿನ, ಎರಡು ದಿನ, ಆರು ದಿನ. ಪಾಪದ ಜೀವ ಬಲೆಗೆ ಮೂತಿ ತಿಕ್ಕುತ್ತಾ ಮೇಲಕ್ಕೂ ಕೆಳಕ್ಕೂ ಓಡಾಡಿತು, ಹಾಕಿದ್ದನ್ನು ತಿನ್ನಲಿಲ್ಲ. ಆರನೆಯ ರಾತ್ರಿ ಹಾಕಿದ ಹನ್ನೊಂದು ಮರಿಗಳಲ್ಲಿ ಹೆಚ್ಚಿನವಕ್ಕೆ ಹೊಟ್ಟೆಯಡಿ ಹಳದಿ ಚೀಲ ಇನ್ನೂ ಅಂಟಿಕೊಂಡೇ ಇತ್ತು. ದಿನ ತುಂಬಿರಲಿಲ್ಲ. ತಳದಲ್ಲಿ ಬಿದ್ದುಕೊಂಡಿದ್ದವು ಏಳಲೇ ಇಲ್ಲ. ಎರಡು ದಿನದ ಮೇಲೆ ತಾಯಿಯೂ ಹೋಯಿತು. ಒಂದು ನಕ್ಷತ್ರದ ವಿಮರ್ಶೆ ಅಂದು ಮನಸ್ಸಿನಲ್ಲಿ ಸಿದ್ಧವಾಗಿತ್ತು.

ತಪ್ಪು ಅರ್ಧ ನನ್ನದು, ಅರ್ಧ ಆ ಚಿತ್ರದ್ದು. ಗಪ್ಪಿ ಸದಾ ಓಡಾಡುವ ಮೀನು. ಅದನ್ನು ದಿನಗಟ್ಟಲೆ ಗೇಣಗಲದ ಚೀಲದಲ್ಲಿ ಕೂಡಿಹಾಕಿದರೆ ಗಾಬರಿಯಿಂದ ಅವಧಿಗೆ ಮೊದಲೇ ಮರಿ ಉದುರಿಸುವುದುಂಟು, ಅಥವಾ ಹಾಕದೆ ತಡೆಹಿಡಿಯುವುದುಂಟು. ಹಾಗಾಗಿ ಈಗ ನನ್ನ ಮನೆಯಲ್ಲಿ ತಾಯಿ ಮೀನಿಗೆ ಪೆಟ್ಟಿಗೆಯೊಳಗೆ ಪ್ರವೇಶವಿಲ್ಲ. ಹೆರಿಗೆ ತೊಟ್ಟಿಯಲ್ಲೇ ಆಗುತ್ತದೆ, ಪೆಟ್ಟಿಗೆ ಬರುವುದು ಆಮೇಲೆ, ತೊಟ್ಟಿಲಾಗಿ.

ಹೆರಿಗೆಯ ಹೊಣೆಯನ್ನು ಗಿಡಗಳಿಗೆ ವಹಿಸಿದ್ದೇನೆ. ಒಂದು ಮೂಲೆಯಲ್ಲಿ ಹಾರ್ನ್‌ವರ್ಟ್ ನೆಡದೆ ತೇಲಬಿಟ್ಟು ದಟ್ಟ ಪೊದೆಯಾಗಿಸಿದ್ದೇನೆ, ಅದರ ಕೆಳಗೆ ಜಾವಾ ಮಾಸ್‌ನ ಒಂದು ಮುದ್ದೆ. ಹುಟ್ಟಿದ ಮರಿ ಮೇಲ್ಮೈಯತ್ತ ಏರಿ ಎಲೆಗಳ ಸಂದಿಗೆ ನುಗ್ಗುತ್ತದೆ, ದೊಡ್ಡ ಮೀನಿನ ಮೈ ಅಲ್ಲಿಗೆ ತೂರುವುದಿಲ್ಲ. ಹೊಟ್ಟೆ ದುಂಡಗಿನಿಂದ ಚೌಕಕ್ಕೆ ತಿರುಗಿ, ಹೆಣ್ಣು ಗುಂಪು ಬಿಟ್ಟು ಮೂಲೆ ಹಿಡಿದು, ಆಹಾರಕ್ಕೆ ಬರದಿದ್ದರೆ ಅಂದೋ ಮರುದಿನವೋ ಹೆರಿಗೆ. ಕ್ಯಾಲೆಂಡರಿನಲ್ಲಿ ಹಿಂದಿನ ತಾರೀಖು ಗುರುತು ಹಾಕಿಟ್ಟರೆ ಇನ್ನೂ ಸುಲಭ, ನನ್ನ ಹಳೆಯ ಹೆಣ್ಣೊಂದು 27–28 ದಿನಕ್ಕೆ ತಪ್ಪದೆ ಹಾಕುತ್ತಿತ್ತು. ಆ ದಿನಗಳಲ್ಲಿ ದೊಡ್ಡವಕ್ಕೆ ಎಂದಿಗಿಂತ ಒಂದು ಹೊತ್ತು ಹೆಚ್ಚು ಉಣಿಸುತ್ತೇನೆ. ಹೊಟ್ಟೆ ತುಂಬಿದ ಮೀನೂ ಮರಿ ತಿನ್ನುತ್ತದೆ, ಆದರೆ ಅಟ್ಟಿಸಿಕೊಂಡು ಹೋಗುವ ಹುರುಪು ಕಡಿಮೆ.

ಮರಿಗಳನ್ನು ಹಿಡಿಯಲು ಜಾಲರಿ ಬೇಡ, ಮೈ ನಲುಗುತ್ತದೆ. ಸಣ್ಣ ಗಾಜಿನ ಲೋಟವನ್ನು ನೀರಿನ ಮಟ್ಟದಲ್ಲಿ ಓರೆಯಾಗಿ ಮುಳುಗಿಸಿದರೆ ನೀರಿನ ಸೆಳೆತಕ್ಕೆ ಮರಿ ತಾನಾಗಿ ಒಳಗೆ ಬರುತ್ತದೆ. ಲೋಟದಿಂದ ಪೆಟ್ಟಿಗೆಗೆ ಸುರಿದರೆ ಮುಗಿಯಿತು. ಎಲ್ಲವೂ ಸಿಗುವುದಿಲ್ಲ, ಸಿಕ್ಕಷ್ಟು ಸಾಕು.

ಇಲ್ಲಿಂದ ಪೆಟ್ಟಿಗೆಯ ನಿಜವಾದ ಗುಣ ಶುರು. ಒಳಗೂ ಹೊರಗೂ ಒಂದೇ ನೀರು. ಶಾಖ ಅದೇ, ಫಿಲ್ಟರ್ ಅದೇ. ಬೇರೆ ಬಕೆಟ್ಟಿನಲ್ಲಿ ಮರಿ ಸಾಕಲು ಹೋದವರಿಗೆ ಗೊತ್ತು, ಸಣ್ಣ ನೀರಿನಲ್ಲಿ ಅಮೋನಿಯ, ಅಂದರೆ ಮೀನಿನ ಕಸದಿಂದ ಹುಟ್ಟುವ ವಿಷ, ಎಷ್ಟು ಬೇಗ ಏರುತ್ತದೆ ಎಂದು. ಬಲೆಯಲ್ಲಿ ಆ ತಲೆನೋವಿಲ್ಲ, ಬಲೆಯ ಕಣ್ಣು ಕಟ್ಟಿಕೊಳ್ಳದಿರುವವರೆಗೆ.

ಕಟ್ಟಿಕೊಳ್ಳುತ್ತದೆ. ಇದರ ದೊಡ್ಡ ದೋಷವೇ ಅದು. ವಾರದೊಳಗೆ ಬಲೆಯ ಮೇಲೆ ಪಾಚಿಯ ಕಂದು ಪೊರೆ, ತಳದಲ್ಲಿ ಮಿಕ್ಕ ಆಹಾರದ ಕೊಳೆ. ಹೊರಗಿನ ನೀರು ಒಳಗೆ ಹರಿಯುವುದು ನಿಂತು, ತೊಟ್ಟಿಯೊಳಗೇ ಇನ್ನೊಂದು ಕೊಳಕು ಬಕೆಟ್ ತಯಾರಾಗುತ್ತದೆ. ಮರಿಗಳು ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿರುವುದನ್ನು ಒಮ್ಮೆ ನೋಡಿದ ಮೇಲೆ ಜಾಗ ಬದಲಿಸಿದೆ. ಈಗ ಸ್ಪಂಜ್ ಫಿಲ್ಟರಿನ ಪಕ್ಕದಲ್ಲೇ ತೂಗುಹಾಕಿದ್ದೇನೆ, ಅದರ ಗುಳ್ಳೆಗಳಿಂದ ಏಳುವ ನೀರಿನ ಹರಿವು ಬಲೆಯ ಒಂದು ಮುಖಕ್ಕೆ ಮೆಲ್ಲಗೆ ತಾಗುತ್ತಿರುತ್ತದೆ. ಜೊತೆಗೆ ಇನ್ನೊಂದು ಬಲೆಯ ಚೀಲ ತಂದಿಟ್ಟು ವಾರಕ್ಕೊಮ್ಮೆ ಅದಲುಬದಲು ಮಾಡುತ್ತೇನೆ. ತೆಗೆದದ್ದನ್ನು ಬರಿಯ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ಒಣಹಾಕುವುದು. ಸೋಪು ಮಾತ್ರ ಸೋಕಿಸಬಾರದು.

ಇನ್ನೊಂದು ಸಣ್ಣ ಮೋಸ ಮೂಲೆಗಳದ್ದು. ಬಲೆ ಚೌಕಟ್ಟಿಗೆ ಬಿಗಿಯಾಗಿ ಕೂರದೆ ಮಡಿಕೆ ಬೀಳುತ್ತದೆ, ಆ ಮಡಿಕೆಗೆ ನುಗ್ಗಿದ ಮರಿ ಹಿಂದಕ್ಕೆ ಬರಲಾರದೆ ಸಾಯುತ್ತದೆ. ಎರಡು ಮೂರು ಹೀಗೆ ಕಳೆದುಕೊಂಡ ಮೇಲೆ ಮಡಿಕೆಗಳನ್ನು ನೈಲಾನ್ ದಾರದಿಂದ ಹೊಲಿದುಬಿಟ್ಟೆ. ತಯಾರಕರೇ ಹೊಲಿದು ಕೊಟ್ಟಿದ್ದರೆ ಇನ್ನರ್ಧ ನಕ್ಷತ್ರ ಅವರದಾಗುತ್ತಿತ್ತು. ದೊಡ್ಡ ಮೀನುಗಳು ಕೆಳಗಿನಿಂದ ಬಂದು ಬಲೆಗೆ ಬಾಯಿ ಹಚ್ಚಿ ಎಳೆಯುವುದೂ ಉಂಟು, ತಳಕ್ಕೆ ಒರಗಿದ ಮರಿಯ ಬಾಲ ಚೂರಾಗುವುದು ಹಾಗೆಯೇ. ಒಳಗೆ ತಳದಲ್ಲಿ ತೆಳುವಾಗಿ ಜಾವಾ ಮಾಸ್ ಹಾಸಿದರೆ ಈ ಕಾಟ ತಪ್ಪುತ್ತದೆ, ಎಲೆಗಳ ಮೇಲಿನ ಸೂಕ್ಷ್ಮಜೀವಿಗಳನ್ನು ಮರಿಗಳು ದಿನವಿಡೀ ಹೆಕ್ಕುತ್ತಲೂ ಇರುತ್ತವೆ. ನೀರು ತುಂಬುವಾಗ ಮಾತ್ರ ಎಚ್ಚರ. ಮಟ್ಟ ಪೆಟ್ಟಿಗೆಯ ಅಂಚು ದಾಟಿದರೆ ಅಷ್ಟೂ ಮರಿ ಹೊರಗೆ. ನನಗೆ ಒಮ್ಮೆ ಆಗಿದೆ, ಬಕೆಟ್ ಕೈಯಲ್ಲಿರುವಾಗ ಫೋನ್ ಎತ್ತಿಕೊಂಡದ್ದರ ಫಲ.

ಆಹಾರದ ವಿಷಯದಲ್ಲಿ ಪೆಟ್ಟಿಗೆ ದೊಡ್ಡ ಉಪಕಾರಿ. ಹಾಕಿದ್ದು ಮರಿಗಳ ಬಾಯಿ ಎದುರಿಗೇ ಇರುತ್ತದೆ. ದೊಡ್ಡ ಮೀನುಗಳಿಗೆ ಹಾಕುವ ಫ್ಲೇಕ್ಸನ್ನೇ (ತೆಳು ಹಾಳೆಯಂಥ ಒಣ ಆಹಾರ) ಬೆರಳುಗಳ ನಡುವೆ ಹಿಟ್ಟಾಗುವಂತೆ ಹೊಸಕಿ ದಿನಕ್ಕೆ ಮೂರು ನಾಲ್ಕು ಸಲ ಚಿಟಿಕೆಯಷ್ಟು. ಬೇಯಿಸಿದ ಮೊಟ್ಟೆಯ ಹಳದಿ ಹಾಕಿ ಎನ್ನುವವರ ಮಾತು ಕೇಳಿ ಒಂದು ವಾರ ಹಾಕಿದೆ, ನೀರು ಮಬ್ಬಾಯಿತು, ಬಿಟ್ಟೆ. ಎಲ್ಲಕ್ಕಿಂತ ಒಳ್ಳೆಯದು ಆಗಷ್ಟೇ ಮೊಟ್ಟೆಯೊಡೆದು ಬಂದ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ. ಲೀಟರಿಗೆ 25 ಗ್ರಾಂನಷ್ಟು ಉಪ್ಪು ಹಾಕಿದ ನೀರಿನಲ್ಲಿ ಅದರ ಮೊಟ್ಟೆ ಹಾಕಿ ಗುಳ್ಳೆ ಬಿಟ್ಟು 26–28 ಡಿಗ್ರಿ ಶಾಖದಲ್ಲಿಟ್ಟರೆ ಒಂದು ದಿನದ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳು ಓಡಾಡತೊಡಗುತ್ತವೆ. ಬೆಳಕಿನ ಕಡೆಗೆ ಗುಂಪುಗೂಡಿದಾಗ ಹೀರಿ ತೆಗೆದು, ಸಿಹಿನೀರಿನಲ್ಲಿ ತೊಳೆದು ಹಾಕುವುದು. ಅದನ್ನು ತಿಂದ ಮರಿಗಳ ಹೊಟ್ಟೆ ಸಣ್ಣ ಕಿತ್ತಳೆ ದೀಪದಂತೆ ಹೊಳೆಯುತ್ತದೆ, ಯಾವುದು ತಿಂದಿದೆ ಯಾವುದು ತಿಂದಿಲ್ಲ ಎಂದು ಎದುರಿಗೆ ನಿಂತೇ ಹೇಳಬಹುದು.

ಪೆಟ್ಟಿಗೆಯ ವಾಸ ಒಂದು ತಂಡದ ಮರಿಗಳಿಗೆ ಮೂರು ವಾರ, ಅದಕ್ಕಿಂತ ಹೆಚ್ಚಿಲ್ಲ. ಒಮ್ಮೆ ಪರೀಕ್ಷೆಗೆಂದು ಒಂದೇ ಹೆರಿಗೆಯ ಮರಿಗಳಲ್ಲಿ ಅರ್ಧವನ್ನು ಬಲೆಯಲ್ಲೇ ಇಟ್ಟು, ಉಳಿದರ್ಧವನ್ನು ಫಿಲ್ಟರ್ ಇರುವ 20 ಲೀಟರ್ ತೊಟ್ಟಿಗೆ ಹಾಕಿದೆ. ತಿಂಗಳ ಕೊನೆಗೆ ಅಕ್ಕಪಕ್ಕ ಇಟ್ಟರೆ ಒಡಹುಟ್ಟಿದವು ಎಂದು ನಂಬುವಂತಿರಲಿಲ್ಲ. ಬಲೆಯವು ಕುಳ್ಳಾಗಿಯೇ ಉಳಿದಿದ್ದವು. ಅಷ್ಟೇ ಅಲ್ಲ, ನಾಲ್ಕನೆಯ ವಾರದ ಹೊತ್ತಿಗೆ ಕೆಲವು ಮರಿಗಳ ಹೊಟ್ಟೆಯಡಿಯ ಹಿಂದಿನ ಈಜುರೆಕ್ಕೆ ಬೀಸಣಿಗೆಯ ಆಕಾರ ಬಿಟ್ಟು ಕಡ್ಡಿಯಂತೆ ಚೂಪಾಗತೊಡಗುತ್ತದೆ. ಅವು ಗಂಡು. ಆಗಲೇ ಬೇರ್ಪಡಿಸದಿದ್ದರೆ ಮರಿಗಳೇ ಮರಿ ಹಾಕುವ ದಿನ ದೂರವಿಲ್ಲ. ಹೆಣ್ಣು ಒಮ್ಮೆ ಗಂಡಿನ ಜೊತೆ ಕೂಡಿತೆಂದರೆ ವೀರ್ಯವನ್ನು ಒಳಗೇ ಕಾದಿಟ್ಟುಕೊಂಡು ತಿಂಗಳುಗಟ್ಟಲೆ ಬಳಸುತ್ತದೆ. ಗಂಡುಗಳನ್ನೆಲ್ಲ ತೆಗೆದು ನೆಮ್ಮದಿಯಾಗಿದ್ದ ನನ್ನ ತೊಟ್ಟಿಯಲ್ಲಿ ಆಮೇಲೂ ಮೂರು ಹೆರಿಗೆಗಳಾದವು.

ಡಬ್ಬಿಯ ಮೇಲೆ ಬರೆಯದ ಮಾತು ಇದು: ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡಿದರೆ ಅದೇ ಒಂದು ತೊಂದರೆ. ಗಪ್ಪಿಗೆ ‘ಮಿಲಿಯನ್ ಫಿಶ್’ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಮೊದಲ ವರ್ಷ ಒಂದನ್ನೂ ಬಿಡದೆ ಉಳಿಸಲು ಹೋಗಿ 60 ಲೀಟರಿಗೆ ನೂರರ ಹತ್ತಿರ ಮೀನು ಸೇರಿಸಿಬಿಟ್ಟೆ. ಹಂಚಲು ಗೆಳೆಯರು ಮುಗಿದರು. ಕೆರೆಗೋ ಹಳ್ಳಕ್ಕೋ ಬಿಡುವ ಯೋಚನೆ ಬಂದರೆ ದಯವಿಟ್ಟು ಬಿಡಬೇಡಿ, ಹೊರಗಿನಿಂದ ಬಂದ ಗಪ್ಪಿ ಅಲ್ಲಿನ ಸಣ್ಣ ಮೀನುಗಳ ಪಾಲು ಕಿತ್ತುಕೊಳ್ಳುತ್ತದೆ. ಈಗ ನಾನು ವರ್ಷಕ್ಕೆ ಎರಡೋ ಮೂರೋ ತಂಡಕ್ಕೆ ಮಾತ್ರ, ಬಾಲದ ಬಣ್ಣ ಮೆಚ್ಚಿದ ಜೋಡಿಯದ್ದಕ್ಕೆ, ಪೆಟ್ಟಿಗೆ ಇಳಿಸುತ್ತೇನೆ. ಉಳಿದ ಹೆರಿಗೆಗಳನ್ನು ಪೊದೆಗೂ ಅದೃಷ್ಟಕ್ಕೂ ಬಿಟ್ಟಿದ್ದೇನೆ.

ಬಾಳಿಕೆಯ ಲೆಕ್ಕ: ಸಕ್ಷನ್ ಕಪ್‌ಗಳು ಎಂಟು ತಿಂಗಳಲ್ಲಿ ಗಟ್ಟಿಯಾಗಿ ಉದುರಿದವು, ಕೊಕ್ಕೆಗಳಿಂದಲೇ ಕೆಲಸ ನಡೆಯುತ್ತದೆ. ಒಂದು ಮೂಲೆಯ ಕೀಲು ಸಡಿಲವಾಗಿ ದಾರ ಸುತ್ತಿದ್ದೇನೆ. ಮೊದಲ ಬಲೆ ಹರಿದದ್ದು ಎರಡನೆಯ ವರ್ಷದಲ್ಲಿ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯನ್ನೂ ನಡುವೆ ಬಳಸಿ ನೋಡಿದೆ, ಅದೇ, ಮರಿಗಳು ಸೀಳಿನ ಮೂಲಕ ಕೆಳಗೆ ಜಾರುವಂಥದ್ದು. ನೋಡಲು ಚೆಂದ, ನೀರು ಓಡಾಡಲು ದಾರಿ ಕಡಿಮೆ, ತಾಯಿಗೆ ಇನ್ನೂ ಇಕ್ಕಟ್ಟು. ಅದು ಈಗ ಆರ್ಟೀಮಿಯಾ ತೊಳೆಯುವ ಪಾತ್ರೆ.

ಒಂದೇ ತೊಟ್ಟಿ ಇರುವವರು ಕೊಳ್ಳಬಹುದು, ಎರಡನೆಯ ತೊಟ್ಟಿಗೆ ಜಾಗ ಇರುವವರಿಗೆ ಇದರ ಅಗತ್ಯವಿಲ್ಲ. ಕೊಳ್ಳುವುದಾದರೆ ಹೆಚ್ಚುವರಿ ಬಲೆ ಜೊತೆಗೆ ಸಿಗುವುದನ್ನೇ ಆರಿಸಿ. ಇವತ್ತು ಒಳಗೆ ಹದಿನಾಲ್ಕು ಮರಿಗಳಿವೆ, ಒಂಬತ್ತು ದಿನದವು. ಪೊದೆಯಲ್ಲಿ ಇನ್ನೂ ಮೂರು ಕಾಣಿಸುತ್ತಿವೆ, ಲೋಟಕ್ಕೆ ಸಿಕ್ಕಿಲ್ಲ.