ಸಿಎಇ ಕೋರ್ಸ್‌ಗೆ ಸೇರುವ ಮುಂಚೆ ನನ್ನ ಬ್ರಾಕೆಟ್ ಕಥೆ ಕೇಳಿ

ಕಂಪ್ಯೂಟರ್ ಏಡೆಡ್ ಎಂಜಿನಿಯರಿಂಗ್ (ಸಿಎಇ), ಅಂದರೆ ಒಂದು ವಸ್ತು ಭಾರ, ಕಂಪನ ತಡೆಯುತ್ತದೆಯಾ ಅಂತ ಕಂಪ್ಯೂಟರ್‌ನಲ್ಲೇ ಲೆಕ್ಕ ಹಾಕಿ ನೋಡುವ ವಿದ್ಯೆ, ಓದಬೇಕು ಅಂತ ಯೂನಿವರ್ಸಿಟಿ ಹುಡುಕುತ್ತಿರುವವರು ಸ್ವಲ್ಪ ನಿಂತು ಇದನ್ನು ಓದಿ. ಎರಡು ವರ್ಷದ ಕೋರ್ಸ್ ಮುಗಿಸಲು ನನಗೆ ಎರಡೂವರೆ ವರ್ಷ ಬೇಕಾಯಿತು. ಆ ಅರ್ಧ ವರ್ಷವನ್ನು ತಿಂದಿದ್ದು ಅಂಗೈಯಷ್ಟು ದೊಡ್ಡ ಒಂದು ಉಕ್ಕಿನ ಬ್ರಾಕೆಟ್, ಅಂದರೆ ಭಾರ ಹೊರುವ ಆಧಾರದ ತುಂಡು. ಯೂನಿವರ್ಸಿಟಿಯ ಹೆಸರು ಹೇಳುವುದಿಲ್ಲ. ಇಂಥ ಕೋರ್ಸ್ ಅದೊಂದೇ ಕಡೆ ಇರುವುದೂ ಅಲ್ಲ.

ಸೇರುವ ಮೊದಲು ನಾನು ನೋಡಿದ್ದು ಬ್ರೋಷರ್ ಮಾತ್ರ. ಕಾರು ಗೋಡೆಗೆ ಗುದ್ದುವ ಚಿತ್ರ, ವಿಮಾನದ ರೆಕ್ಕೆಯ ಮೇಲೆ ಗಾಳಿ ಹರಿಯುವ ಚಿತ್ರ, ಎಲ್ಲ ಕೆಂಪು ಹಳದಿ ಹಸಿರು ನೀಲಿ. ಕೆಳಗೆ ಅವರು ಕಲಿಸುವ ಸಾಫ್ಟ್‌ವೇರ್‌ಗಳ ಪಟ್ಟಿ. ಒಟ್ಟು ಆರು! ಇನ್ನೇನು ಬೇಕು ಅಂದುಕೊಂಡೆ. ಈಗ ಯಾರಾದರೂ ಅಷ್ಟುದ್ದ ಪಟ್ಟಿ ತೋರಿಸಿದರೆ ನನಗೆ ಮೊದಲು ಬರುವುದು ಅನುಮಾನ. ಒಂದು ಸೆಮಿಸ್ಟರ್‌ಗೆ ಎರಡು ಸಾಫ್ಟ್‌ವೇರ್ ತುರುಕಿದರೆ ಯಾವ ಮೆನು ಎಲ್ಲಿದೆ ಅಂತ ಗೊತ್ತಾಗುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ.

ಲ್ಯಾಬ್‌ನಲ್ಲಿ ಒಂದು ಮ್ಯಾನ್ಯುಯಲ್ ಕೊಡುತ್ತಿದ್ದರು. ಇಲ್ಲಿ ಕ್ಲಿಕ್ ಮಾಡಿ, ಅಲ್ಲಿ 500 ಅಂತ ಹಾಕಿ, ಸಾಲ್ವ್ ಒತ್ತಿ. ಬಣ್ಣದ ಚಿತ್ರ ಬಂದರೆ ಪ್ರಿಂಟ್ ತೆಗೆದು ಸಹಿ ಹಾಕಿಸಿಕೊಂಡು ಹೊರಡುವುದು. ಮೊದಲ ದಿನ ಬೀಮ್ ರಬ್ಬರಿನಂತೆ ಬಾಗಿದ್ದನ್ನು ಕಂಡು ನಾವೆಲ್ಲ ಖುಷಿಪಟ್ಟಿದ್ದೆವು. ಅದು ನಿಜವಾಗಿ ಬಾಗಿದ್ದು ಕಾಲು ಮಿಲಿಮೀಟರ್, ಕಣ್ಣಿಗೆ ಕಾಣಲಿ ಅಂತ ಸಾಫ್ಟ್‌ವೇರೇ ಹತ್ತಾರು ಪಟ್ಟು ಹಿಗ್ಗಿಸಿ ತೋರಿಸುತ್ತದೆ ಅನ್ನುವುದು ಎಷ್ಟೋ ದಿನ ಆದಮೇಲೆ ಗೊತ್ತಾಯಿತು. ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಎರಡನೇ ಸೆಮಿಸ್ಟರ್‌ನಲ್ಲಿ ವೈಬ್ರೇಷನ್ ಲ್ಯಾಬ್ ಬಂತು. 100 ಮಿಲಿಮೀಟರ್ ಉದ್ದ, 10 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ. ಒಂದು ತುದಿ ಗಟ್ಟಿ ಹಿಡಿದು ಅದರ ಸಹಜ ಕಂಪನ ಕಂಡುಹಿಡಿಯಬೇಕು. ಕೈಲೆಕ್ಕದಲ್ಲಿ ಸುಮಾರು 815 ಹರ್ಟ್ಸ್, ಅಂದರೆ ಸೆಕೆಂಡಿಗೆ 815 ಸಲ, ಬರುತ್ತದೆ. ನನಗೆ ಬಂದಿದ್ದು 0.000815. ಅಳತೆಯೆಲ್ಲ ಮಿಲಿಮೀಟರ್‌ನಲ್ಲಿ ಇಟ್ಟುಕೊಂಡು ಸಾಂದ್ರತೆಯನ್ನು ಮಾತ್ರ 7850 ಅಂತ ಟೈಪ್ ಮಾಡಿದ್ದೆ. ಅದು ಕಿಲೋಗ್ರಾಂ ಮತ್ತು ಮೀಟರ್‌ನ ಸಂಖ್ಯೆ. ಮಿಲಿಮೀಟರ್, ನ್ಯೂಟನ್, ಟನ್ ಇಟ್ಟುಕೊಂಡರೆ 0.00000000785 ಆಗಬೇಕು. ಸಾಫ್ಟ್‌ವೇರ್‌ಗೆ ಯೂನಿಟ್ ಗೊತ್ತಿರಲಿಲ್ಲ, ಕೊಟ್ಟ ಸಂಖ್ಯೆಯನ್ನು ಹಾಗೇ ನುಂಗಿತು. ನನ್ನ ಉತ್ತರದ ಪ್ರಕಾರ ಆ ಪಟ್ಟಿ ಒಂದು ಸಲ ಮೇಲೆ ಹೋಗಿ ಕೆಳಗೆ ಬರಲು 20 ನಿಮಿಷ ತೆಗೆದುಕೊಳ್ಳುತ್ತದೆ. ಉಕ್ಕು, ಗೊತ್ತಲ್ಲ, ಬಾರಿಸಿದರೆ ಠಣ್ ಅನ್ನುವ ಉಕ್ಕು! ಲ್ಯಾಬ್‌ನವರು ಚಿತ್ರ ನೋಡಿ, "ರಿಸಲ್ಟ್ ಬಂದಿದೆಯಲ್ಲ" ಅಂತ ಸಹಿ ಹಾಕಿದರು. ಹತ್ತಕ್ಕೆ ಒಂಬತ್ತು ಅಂಕ.

ಥಿಯರಿ ಇರಲಿಲ್ಲ ಅಂತಲ್ಲ. ಇತ್ತು, ಬೇರೆ ಕಟ್ಟಡದಲ್ಲಿ, ಬೇರೆ ಮೇಷ್ಟ್ರ ಕೈಲಿ. 'ಫೈನೈಟ್ ಎಲಿಮೆಂಟ್' (ವಸ್ತುವನ್ನು ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ವಿಧಾನ, ಒಂದೊಂದು ತುಂಡೂ ಒಂದು ಎಲಿಮೆಂಟ್) ಅನ್ನುವ ಹೆಸರನ್ನು 1960ರಲ್ಲಿ ಬಳಕೆಗೆ ತಂದವರು ರೇ ಕ್ಲಫ್ ಅಂತ ಬಾಯಿಪಾಠ ಮಾಡಿ ಎರಡು ಅಂಕ ತೆಗೆದುಕೊಂಡೆ. ಆ ಎಲಿಮೆಂಟ್ ನನ್ನ ಸ್ಕ್ರೀನಿನ ಮೇಲೆ ಏನು ಮಾಡುತ್ತಿದೆ ಅಂತ ಮಾತ್ರ ತಿಳಿಯಲಿಲ್ಲ.

ಇನ್ನು ಪ್ರಾಜೆಕ್ಟ್. ಎಲ್ ಆಕಾರದ ಬ್ರಾಕೆಟ್. ಅಡ್ಡ ತೋಳು 100 ಮಿಲಿಮೀಟರ್ ಉದ್ದ, 40 ಅಗಲ, 10 ದಪ್ಪ. ತುದಿಯಲ್ಲಿ 500 ನ್ಯೂಟನ್ ಭಾರ. ಒಳಮೂಲೆ ಚೂಪಾಗಿ, ಸರಿಯಾಗಿ 90 ಡಿಗ್ರಿ. ಅಲ್ಲಿ ಫಿಲೆಟ್ ಕೊಡಬೇಕು, ಅಂದರೆ ಮೂಲೆಯನ್ನು ದುಂಡಗೆ ಮಾಡಬೇಕು, ಅಂತ ಹೊಳೆಯಲೇ ಇಲ್ಲ, ಚೂಪು ಮೂಲೆ ಬರೆಯುವುದು ಸುಲಭವಾಗಿತ್ತು. ಗೈಡ್ ಮೇಡಂ ಮೂರು ಸಲ ರಿಪೋರ್ಟ್ ನೋಡಿದರು. ಮೂರು ಸಲವೂ ತಿದ್ದಿದ್ದು ಮಾರ್ಜಿನ್ ಮತ್ತು ಚಿತ್ರಗಳ ಕೆಳಗಿನ ನಂಬರು.

ವೈವಾಕ್ಕೆ ಹೊರಗಿನಿಂದ ಒಬ್ಬ ಹಿರಿಯರು ಬಂದಿದ್ದರು. ತುಂಬಾ ಮೆತ್ತಗಿನ ಮಾತು.

"ಈ ಕೆಂಪು ಚುಕ್ಕೆ ಏನು?"

"ಅತಿ ಹೆಚ್ಚು ಸ್ಟ್ರೆಸ್ ಇರುವ ಜಾಗ ಸರ್. 244 ಮೆಗಾಪ್ಯಾಸ್ಕಲ್. ಈ ಉಕ್ಕಿನ ಯೀಲ್ಡ್ 250. ಹಾಗಾಗಿ ಡಿಸೈನ್ ಸೇಫ್." ಸ್ಟ್ರೆಸ್ ಅಂದರೆ ಲೋಹದ ಒಳಗೆ ಪ್ರತಿ ಚದರ ಅಳತೆಗೆ ಬೀಳುವ ಬಲ. ಯೀಲ್ಡ್ ಅಂದರೆ ಅದು ದಾಟಿದರೆ ಲೋಹ ಶಾಶ್ವತವಾಗಿ ಬಾಗುವ ಮಿತಿ.

"ಮೆಶ್?" ಅಂದರೆ ಲೆಕ್ಕಕ್ಕಾಗಿ ಬ್ರಾಕೆಟ್ಟನ್ನು ಒಡೆದ ಸಣ್ಣ ತುಂಡುಗಳ ಜಾಲ.

"ಮೂಲೆಯಲ್ಲಿ ಅರ್ಧ ಮಿಲಿಮೀಟರ್ ಸರ್. 4 ಮಿಲಿಮೀಟರ್‌ನಿಂದ ಶುರು ಮಾಡಿ ಇಳಿಸುತ್ತಾ ಬಂದೆ." ಆ ಪಟ್ಟಿಯ ಬಗ್ಗೆ ನನಗೆ ಹೆಮ್ಮೆಯೇ ಇತ್ತು. ಮೆಶ್ 4ಕ್ಕೆ ಸ್ಟ್ರೆಸ್ 95, 2ಕ್ಕೆ 130, 1ಕ್ಕೆ 178, ಅರ್ಧಕ್ಕೆ 244.

ಅವರು ನಾಲ್ಕನ್ನೂ ಒಂದರ ಕೆಳಗೊಂದು ಬರೆದರು. ಪ್ರತಿಯೊಂದನ್ನೂ ಅದರ ಹಿಂದಿನದರಿಂದ ಭಾಗಿಸಿದರು. 1.37. ಮತ್ತೆ 1.37. ಮತ್ತೆ 1.37. ಪೆನ್ನು ಕೆಳಗಿಟ್ಟರು.

"ಇನ್ನೊಂದು ಸಲ ಅರ್ಧ ಮಾಡಿದ್ರೆ?"

"ಸುಮಾರು... 334 ಸರ್."

"ಹಾಗಾದ್ರೆ ಬ್ರಾಕೆಟ್ ಸೇಫೋ, ಅಲ್ವೋ?"

ನನ್ನ ಬಾಯಿ ಒಣಗಿತ್ತು. "ಅರ್ಧಕ್ಕೇ ಯಾಕೆ ನಿಲ್ಲಿಸಿದ್ರಿ?" ಅಂತ ಕೇಳಿದರು. ಸುಳ್ಳು ಹೇಳಲು ಹೊಳೆಯಲಿಲ್ಲ. "ಸ್ಟೂಡೆಂಟ್ ಲೈಸೆನ್ಸ್‌ನಲ್ಲಿ ನೋಡ್‌ಗಳ ಮಿತಿ ಮುಗೀತು ಸರ್." (ನೋಡ್ ಅಂದರೆ ಮೆಶ್‌ನ ತುಂಡುಗಳು ಕೂಡುವ ಬಿಂದು.)

"ಅಂದ್ರೆ ಸೇಫ್ ಅಂತ ತೀರ್ಮಾನ ಮಾಡಿದ್ದು ನೀವಲ್ಲ, ಲೈಸೆನ್ಸು."

ಆಮೇಲೆ ಅವರೇ ವಿವರಿಸಿದರು. ಫಿಲೆಟ್ ಇಲ್ಲದ ಚೂಪು ಒಳಮೂಲೆಯಲ್ಲಿ ಲೆಕ್ಕದ ಪ್ರಕಾರ ಸ್ಟ್ರೆಸ್ ಅನಂತ. ಮೆಶ್ ಸಣ್ಣದಾದಷ್ಟೂ ಸಂಖ್ಯೆ ಏರುತ್ತಲೇ ಇರುತ್ತದೆ, ಎಲ್ಲೂ ನಿಲ್ಲುವುದಿಲ್ಲ. ನಾನು ಬರೆದ 244ಕ್ಕೆ ಅರ್ಥವೇ ಇಲ್ಲ. ನಿಜವಾದ ಉಕ್ಕಿನಲ್ಲಿ ಮೂಲೆ ಕೊಂಚವಾದರೂ ದುಂಡಗಿರುತ್ತದೆ. ಯೀಲ್ಡ್ ಮಿತಿ ದಾಟಿದರೂ ಅಲ್ಲಿ ಲೋಹ ಸ್ವಲ್ಪ ಬಾಗಿ ಸುಧಾರಿಸಿಕೊಳ್ಳುತ್ತದೆ. ಕೊನೆಗೆ ಒಂದು ಬಿಳಿ ಹಾಳೆ ತಳ್ಳಿ, "ಸಾಫ್ಟ್‌ವೇರ್ ಬಿಡಿ, ತೋಳಿನ ಬುಡದಲ್ಲಿ ಸ್ಟ್ರೆಸ್ ಎಷ್ಟು, ಕೈಯಲ್ಲೇ ಹೇಳಿ" ಅಂದರು. 500 ಅನ್ನು 100ರಿಂದ ಗುಣಿಸಿ, ಬಂದದ್ದನ್ನು ಆರರಿಂದ ಗುಣಿಸಿ, ಅಗಲದಿಂದಲೂ ದಪ್ಪದ ವರ್ಗದಿಂದಲೂ ಭಾಗಿಸಿದರೆ 75. ಡಿಗ್ರಿಯ ಎರಡನೇ ವರ್ಷದಲ್ಲೇ ಕಲಿತ ಸೂತ್ರ. ಹತ್ತು ನಿಮಿಷ ಆದರೂ ನೆನಪಾಗಲಿಲ್ಲ.

ಎದ್ದು ಹೊರಡುವಾಗ ಸ್ಲೈಪ್ನರ್ ಎ ಬಗ್ಗೆ ಓದಿ ಅಂದರು. ಅಂದು ರಾತ್ರಿಯೇ ಓದಿದೆ. ಸಮುದ್ರದಲ್ಲಿ ಗ್ಯಾಸ್ ತೆಗೆಯುವ ಪ್ಲಾಟ್‌ಫಾರ್ಮ್‌ನ ಕಾಂಕ್ರೀಟ್ ಬುಡ. 1991ರ ಆಗಸ್ಟ್ 23ರಂದು ನಾರ್ವೆಯ ಫ್ಯೋರ್ಡ್ (ಕಿರಿದಾದ ಆಳದ ಕೊಲ್ಲಿ) ಒಂದರಲ್ಲಿ ಪರೀಕ್ಷೆಗೆ ಇಳಿಸುವಾಗ ಗೋಡೆ ಒಡೆದು ತಳ ಸೇರಿತು. ಬುಡದ ಟೊಳ್ಳು ಕೋಶಗಳು ಕೂಡುವ ಜಾಗದಲ್ಲಿ ಮೆಶ್ ಸರಿಯಿರಲಿಲ್ಲ, ಗೋಡೆಯನ್ನು ಕತ್ತರಿಸುವಂತೆ ಬೀಳುವ ಬಲವನ್ನು (ಶಿಯರ್) 47% ಕಡಿಮೆ ತೋರಿಸಿತ್ತು. ಅಪಘಾತದ ನಂತರ ಸರಿಯಾಗಿ ಲೆಕ್ಕ ಹಾಕಿದಾಗ 62 ಮೀಟರ್ ಆಳದಲ್ಲಿ ಒಡೆಯಬೇಕು ಅಂತ ಬಂತು. ಒಡೆದಿದ್ದು 65 ಮೀಟರ್‌ನಲ್ಲಿ. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಅಲ್ಲೂ ಚಿತ್ರ ನನ್ನದರಷ್ಟೇ ಚೆಂದ ಇದ್ದಿರಬೇಕು ಅನ್ನಿಸಿ ನಿದ್ದೆ ಬರಲಿಲ್ಲ.

ಪ್ರಾಜೆಕ್ಟ್ ಫೇಲ್. ಮತ್ತೊಂದು ಸೆಮಿಸ್ಟರ್. ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಆದರೆ ಎರಡು ವರ್ಷದಲ್ಲಿ ಒಬ್ಬರಾದರೂ "ಈ ಸಂಖ್ಯೆ ನಂಬೋದು ಹೇಗೆ?" ಅಂತ ಕೇಳಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ, ಅಲ್ವಾ?

ಎರಡನೇ ಸಲ 3 ಮಿಲಿಮೀಟರ್ ಫಿಲೆಟ್ ಕೊಟ್ಟೆ. ಮೆಶ್ ಎಷ್ಟು ಸಣ್ಣ ಮಾಡಿದರೂ ಸ್ಟ್ರೆಸ್ 110ರ ಆಸುಪಾಸಿನಲ್ಲೇ ನಿಂತಿತು. ರಿಪೋರ್ಟಿನ ಮೊದಲ ಪುಟದಲ್ಲೇ ಕೈಲೆಕ್ಕ ಹಾಕಿದೆ. ಪಾಸಾದೆ.

ಸೇರುವ ಮುಂಚೆ ನೀವು ಇಷ್ಟು ಮಾಡಿ. ಹಳೇ ಪ್ರಾಜೆಕ್ಟ್ ರಿಪೋರ್ಟ್ ಎರಡು ಮೂರು ಕೇಳಿ ತಿರುವಿ ಹಾಕಿ. ಕೈಲೆಕ್ಕದ ಒಂದು ಪುಟವಾದರೂ ಇದೆಯಾ, ಮೆಶ್ ಸಣ್ಣ ಮಾಡಿದಾಗ ಉತ್ತರ ಎಲ್ಲಿ ನಿಂತಿತು ಅಂತ ಬರೆದಿದ್ದಾರಾ ನೋಡಿ. ಬರೀ ಬಣ್ಣದ ಚಿತ್ರಗಳಿದ್ದರೆ ಹೊರಟುಬಿಡಿ. ಥಿಯರಿ ಮತ್ತು ಲ್ಯಾಬ್ ಕಲಿಸುವವರು ಒಬ್ಬರೇನಾ ಅಂತ ಕೇಳಿ. ಲ್ಯಾಬ್‌ನ ಲೈಸೆನ್ಸ್ ಒಮ್ಮೆಗೆ ಎಷ್ಟು ಜನಕ್ಕೆ ಸಿಗುತ್ತದೆ, ನೋಡ್ ಮಿತಿ ಎಷ್ಟು ಅನ್ನುವುದನ್ನೂ ಕೇಳಿ. ಓದುತ್ತಿರುವವರನ್ನು ಹೊರಗೆ ಹಿಡಿದು ಮಾತಾಡಿಸಿ. ಸ್ಟಾಫ್ ಎದುರಿಗೆ ಅವರು ಸುಮ್ನೆ ಚೆನ್ನಾಗಿದೆ ಅಂತಾರೆ. ಈಗಾಗಲೇ ಸೇರಿಬಿಟ್ಟಿದ್ದರೆ ಸಾಲ್ವ್ ಒತ್ತುವ ಮುಂಚೆ ಉತ್ತರ ಹೆಚ್ಚುಕಡಿಮೆ ಎಷ್ಟು ಬರಬೇಕು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ವಸ್ತುವನ್ನು ಹಿಡಿದಿಟ್ಟ ಕಡೆ ಹುಟ್ಟುವ ರಿಯಾಕ್ಷನ್ ಬಲಗಳನ್ನು ಕೂಡಿಸಿ, ಹಾಕಿದ ಭಾರಕ್ಕೆ ಸಮ ಬಂತಾ ನೋಡಿ. ಎರಡು ನಿಮಿಷದ ಕೆಲಸ.

ಹೋದ ತಿಂಗಳು ಆ ಕೋರ್ಸ್‌ನ ಹೊಸ ಬ್ರೋಷರ್ ಕಣ್ಣಿಗೆ ಬಿತ್ತು. ಸಾಫ್ಟ್‌ವೇರ್ ಪಟ್ಟಿ ಏಳಕ್ಕೆ ಏರಿದೆ. ಮೂರನೇ ಪುಟದಲ್ಲಿ 'ನಮ್ಮ ವಿದ್ಯಾರ್ಥಿಗಳ ಸಾಧನೆ' ಅಂತ ಒಂದು ಬ್ರಾಕೆಟ್ ಚಿತ್ರ. ಚೂಪು ಮೂಲೆ, ಅದರಲ್ಲೊಂದು ಕೆಂಪು ಚುಕ್ಕೆ, ಪಕ್ಕದ ಬಣ್ಣದ ಪಟ್ಟಿಯ ತುದಿಯಲ್ಲಿ 244.