ಮುತ್ತಜ್ಜನ ಊರು ಹುಡುಕಿದ್ದು: ಜನಗಣತಿ, ತಾಲ್ಲೂಕು ಕಚೇರಿ, ಹೆಳವ

ಧಾತು ವರ್ಷದ (1876-77) ಬರದಲ್ಲಿ ನಮ್ಮ ಮುತ್ತಜ್ಜನನ್ನು ಅವರಪ್ಪ ಹೆಗಲ ಮೇಲೆ ಕೂರಿಸಿಕೊಂಡು ಬೇಲೂರು ಕಡೆಗೆ ಬಂದರಂತೆ. ಬಂದದ್ದು ತುಮಕೂರು ಸೀಮೆಯ ಹೊಸಹಳ್ಳಿಯಿಂದ. ಮನೆಯಲ್ಲಿ ಉಳಿದಿದ್ದ ಮಾಹಿತಿ ಇಷ್ಟೇ. ಹೊಸಹಳ್ಳಿಗಳಿಗೆ ನಮ್ಮ ಹಳೇ ಮೈಸೂರಲ್ಲಿ ಬರವೇ?

ಮೊದಲು ಕೈ ಹಾಕಿದ್ದು ಜನಗಣತಿಗೆ. ಅದಕ್ಕೆ ಕಾರಣ ಅಮೆರಿಕದಲ್ಲಿರುವ ಅಕ್ಕನ ಮಗಳು. ಅಲ್ಲಿ 72 ವರ್ಷ ಕಳೆದ ಮೇಲೆ ಮನೆಮನೆಯ ಹಾಳೆಗಳನ್ನೇ ಹೊರಗೆ ಬಿಡುತ್ತಾರೆ. 1950ರದ್ದು 2022ರಲ್ಲಿ ಬಂತು. ಅವಳ ಪಕ್ಕದ ಮನೆ ಅಜ್ಜಿ ಹತ್ತೇ ನಿಮಿಷದಲ್ಲಿ ತಮ್ಮ ಅಪ್ಪನ ಹೆಸರು ಹುಡುಕಿಬಿಟ್ಟರಂತೆ. (ಅಲ್ಲೂ ಹುಟ್ಟಿದ ಜಾಗ ಅಂದರೆ ರಾಜ್ಯವೋ ದೇಶವೋ ಅಷ್ಟೇ, ಊರು ಇರಲ್ಲ.) "ನೀನೂ ನೋಡು ಮಾಮ" ಎಂದಳು.

ನೋಡಿದೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ಚಿಲ್ಲರೆ ಜನ, 1881ರಲ್ಲಿ 42 ಲಕ್ಷವೂ ಇಲ್ಲ. 1876ರಿಂದ 78ರ ಬರ ಆ ಎರಡು ಎಣಿಕೆಗಳ ನಡುವೆ ಬಂದುಹೋಗಿತ್ತು. ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆದರೆ ಹೆಸರು? ಒಂದೂ ಇಲ್ಲ. ನಮ್ಮಲ್ಲಿ ಎಣಿಕೆ ಮುಗಿದ ಮೇಲೆ ಉಳಿಸಿದ್ದು ಕೋಷ್ಟಕಗಳನ್ನು, ಮನೆಮನೆಯ ಚೀಟಿಗಳನ್ನಲ್ಲ. ಈಚಿನ ಎಣಿಕೆಗಳಲ್ಲಿ ಬರೆಸಿದ್ದನ್ನು ನೋಡಲು 1948ರ ಕಾಯ್ದೆ ಬಿಡುವುದಿಲ್ಲ. ಇಂಥ ಜಿಲ್ಲೆಯಲ್ಲಿ ಹುಟ್ಟಿದವರು ಇಷ್ಟು ಸಾವಿರ ಅಂತ ಕೋಷ್ಟಕ ಹೇಳುತ್ತದೆ. ಆ ಸಾವಿರದೊಳಗೆ ನಮ್ಮ ಮುತ್ತಜ್ಜನೂ ಇದ್ದಾನು.

ಆಮೇಲೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ಯಾವ ತಾಲ್ಲೂಕು ಅಂತ ಹೇಳಲ್ಲ. ನಾಲ್ಕು ಸಲ ಓಡಾಡಿದೆ, ಮೂರು ಸಲ "ನಾಳೆ ಬನ್ನಿ". ಕೊನೆಗೆ ಸಿಕ್ಕ ಕೈಬರಹದ ಪಹಣಿಯಲ್ಲಿ ಅಜ್ಜನ ಹೆಸರಿತ್ತು, ಜಮೀನು ಕೊಂಡ ಮೇಲಿನ ಕಥೆಯೆಲ್ಲ ಇತ್ತು. ಅದಕ್ಕೆ ಹಿಂದಿನದು ಇಲ್ಲ. ಹೊಲ ಬಿಟ್ಟು ಬಂದವನ ಹೆಸರು ಹೊಲದ ಕಾಗದದಲ್ಲಿ ಎಲ್ಲಿರುತ್ತೆ? ಶಾಲೆಯ ದಾಖಲಾತಿ ಪುಸ್ತಕವೂ ಅಷ್ಟೇ. ಅಜ್ಜನ ಹುಟ್ಟಿದ ದಿನ ಜೂನ್ 1. ಮೇಷ್ಟ್ರು ಅಂದಾಜಿಗೆ ಹಾಕಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತೆ, ಅಲ್ವಾ.

ಹೆಳವರ ನೆನಪು ಮಾಡಿದ್ದು ಚಿಕ್ಕಪ್ಪ. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು, ಜಗಲಿ ಮುಂದೆ ನಿಂತು ಮನೆತನದ ವಂಶಾವಳಿ ಹೇಳುವವರು. ಹಿಂದೆಲ್ಲ ಓಲೆಗರಿ, ತಾಮ್ರಪಟ ಇಟ್ಟುಕೊಂಡಿದ್ದರು. ನಮ್ಮ ಮನೆಗೆ ಬರುವಾತನ ಹತ್ತಿರ ಇರುವುದು ದಪ್ಪ ಲೆಕ್ಕದ ಪುಸ್ತಕ. ಈಗ ಬೈಕಲ್ಲಿ ಬರುತ್ತಾನೆ. ಬೇಕೆಂದಾಗ ಸಿಗುವವನಲ್ಲ, ಒಂದೂವರೆ ವರ್ಷ ಕಾದೆ.

ಬಂದ, ನೀರು ಕುಡಿದ, ಪುಸ್ತಕ ಬಿಚ್ಚಿದ. ನನ್ನಿಂದ ಶುರುಮಾಡಿ ಏಳು ತಲೆ ಹಿಂದಕ್ಕೆ ಒಂದೇ ರಾಗದಲ್ಲಿ ಓದಿದ. ಬೆಡಗು (ಗೋತ್ರದ ಥರ, ಮನೆತನದ ಬಳಿ), ಮನೆದೇವರು, ಊರು ಬಿಟ್ಟು ಹೋದ ದಾಯಾದಿಗಳು, ಎಲ್ಲ ಬಂತು. "ಕೆರೆ ಹಿಂದಲ ಹೊಸಹಳ್ಳಿ ಬುದ್ದೀ, ಸಿರಾ ತಾಲ್ಲೂಕು" ಎಂದ. ಅಮ್ಮನಿಗೆ ಕಣ್ಣಲ್ಲಿ ನೀರು. ಎರಡು ಮೊರ ರಾಗಿ, ಸಾವಿರ ರೂಪಾಯಿ ಕೊಟ್ಟೆವು.

ಹಾಗಂತ ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ಇಸವಿ ಕೇಳಿದರೆ ನಕ್ಕುಬಿಡುತ್ತಾನೆ. ಅಜ್ಜನ ತಮ್ಮನನ್ನು ಅಜ್ಜನ ಮಗ ಮಾಡಿ ಬರೆದಿದ್ದ. ಹೆಣ್ಣುಮಕ್ಕಳ ಹೆಸರಂತೂ ಒಂದೂ ಇಲ್ಲ. ನನ್ನ ಮಗಳ ಹೆಸರನ್ನು ನಾನೇ ಕೂತು ಬರೆಸಿದೆ.

ಅವನು ಹೇಳಿದ್ದು ನಿಜವಾ ಅಂತ ನೋಡಲು ಮತ್ತೆ ಜನಗಣತಿಗೇ ಹೋಗಬೇಕಾಯಿತು. ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ತಾಲ್ಲೂಕುವಾರು ಹಳ್ಳಿಗಳ ಪಟ್ಟಿ ಇರುತ್ತದೆ, ಜನ ಇಲ್ಲದ ಹಳ್ಳಿಗಳದ್ದೂ. ಕಂದಾಯದವರು ಇಂಥದ್ದನ್ನು ಬೇಚರಾಕ್ ಗ್ರಾಮ ಅನ್ನುತ್ತಾರೆ. ಮೊದಲೇ ಆ ಪಟ್ಟಿ ಹಿಡಿದಿದ್ದರೆ ಯಾವ ಹೊಸಹಳ್ಳಿ ಅಂತ ತಲೆ ಕೆಡುತ್ತಿತ್ತು. ತಾಲ್ಲೂಕು ಗೊತ್ತಿದ್ದುದರಿಂದ ಅರ್ಧ ಗಂಟೆಯ ಕೆಲಸ. ನೀವು ಹುಡುಕುವುದಾದರೆ ಮೊದಲು ಹೆಳವ, ಆಮೇಲೆ ಕೈಪಿಡಿ. ರೆಕಾರ್ಡ್ ರೂಮಿಗೆ ಆಮೇಲೂ ಬೇಕಿದ್ದರೆ ಹೋಗಿ.

ನಮ್ಮ ಹೊಸಹಳ್ಳಿಯ ಸಾಲಿನಲ್ಲಿ ವಿಸ್ತೀರ್ಣ ಇತ್ತು. ಮನೆ, ಜನ ಎರಡರ ಕಾಲಮ್ಮೂ ಖಾಲಿ.